ನೆಟ್ಟಿಗೆ ಓಡುವ ಅತ್ತೆ

ಹೆಣ್ಣು ನೋಡಲು ಹೋದ ಮನೆಯಲ್ಲಿ ಗಂಡಿನ ತಾಯಿ ಏನೇನೋ ಕೇಳುತ್ತಾಳೆ. ಅಡುಗೆ ಬರುತ್ತದಾ, ಮದುವೆ ಆದ ಮೇಲೂ ಕೆಲಸಕ್ಕೆ ಹೋಗುತ್ತೀಯಾ, ಸಂಜೆ ದೇವರ ಮುಂದೆ ದೀಪ ಹಚ್ಚುತ್ತೀಯಾ. ನಾನು ಕೇಳಿದ್ದು ಒಂದೇ ಪ್ರಶ್ನೆ.

“ಟೆನಿಸ್ ಸಿಂಗಲ್ಸಲ್ಲಿ ನೆಟ್ಟಿನ ಹತ್ರ ಆಡೋರಲ್ಲಿ ನಿನ್ನ ಪ್ರಕಾರ ಯಾರಮ್ಮ ಬೆಸ್ಟು?”

ನಮ್ಮ ಯಜಮಾನರು ನಂಜುಂಡಸ್ವಾಮಿ ಕೇಸರಿಬಾತಿನ ಚಮಚವನ್ನು ಬಾಯಿಗೆ ಹಾಕದೆ ಹಾಗೇ ಹಿಡಿದುಕೊಂಡರು. ಮಗ ಮಹೇಂದ್ರ ನೆಲ ನೋಡಿದ. ಹುಡುಗಿಯ ಅಪ್ಪ ಚಾಮಯ್ಯ ಕರೆಂಟ್ ಆಫೀಸಿನಲ್ಲಿ ಲೈನ್‌ಮನ್, ಕಂಬ ಹತ್ತಿ ಇಳಿದು ಗಟ್ಟಿಯಾದ ಮನುಷ್ಯ, ಅವರೂ ಒಂದು ಸಲ ಕೆಮ್ಮಿದರು. ಕಾಫಿ ತಟ್ಟೆ ಹಿಡಿದು ನಿಂತಿದ್ದ ಹುಡುಗಿ ಮಾತ್ರ ನನ್ನ ಮುಖವನ್ನೇ ನೋಡಿದಳು. ಪಲ್ಲವಿ ಅಂತ ಹೆಸರು. ಮೈಸೂರಿನಲ್ಲಿ ಓದುವಾಗ ವಿಶ್ವವಿದ್ಯಾಲಯದ ಟೆನಿಸ್ ತಂಡದಲ್ಲಿ ಆಡಿದವಳು ಅಂತ ಕೇಳಿಕೊಂಡೇ ನಾನು ತಲಕಾಡಿನವರೆಗೆ ಹೋಗಿದ್ದು.

“ಈಗ ಯಾರಿದ್ದಾರೆ ಮೇಡಂ?” ಅಂದಳು. “ರ‍್ಯಾಲಿ ಆಡೋಕೆ ಉಸಿರಿಲ್ದೋರು ನೆಟ್ಟಿಗೆ ಓಡ್ತಾರೆ. ಹಿಂದಿಂದ ಟಾಪ್‌ಸ್ಪಿನ್ ಹಾಕಿ ಪಕ್ಕದಲ್ಲಿ ತೂರಿಸಿಬಿಟ್ರೆ ಅವ್ರ ಕತೆ ಮುಗೀತು.”

“ಅಯ್ಯೋ ಶಿವನೇ!” ಅಂತ ಒಳಬಾಗಿಲಿನಿಂದ ಅವಳ ತಾಯಿ ಚಿನ್ನಮ್ಮ ಓಡಿ ಬಂದರು. “ಏನ್ ಕೂಸೇ ಇದು, ದೊಡ್ಡೋರ ತಾವ ಇಂಗಾ ಮಾತಾಡಾದು?”

“ಇರಿ ಚಿನ್ನಮ್ಮನವ್ರೆ, ನೀವು ಮಧ್ಯ ಬರ್ಬೇಡಿ” ಅಂದೆ. ನನಗೆ ಆಗಲೇ ನೆತ್ತಿಗೇರಿತ್ತು. “ಎಡ್ಬರ್ಗ್‌ಗೆ ಉಸಿರಿರ್ಲಿಲ್ವಾ? ರಾಫ್ಟರ್‌ಗೆ? ನವ್ರಾಟಿಲೋವಾ ಒಂಬತ್ತು ವಿಂಬಲ್ಡನ್ ಗೆದ್ದಿದ್ದು ಹಿಂದೆ ನಿಂತ್ಕೊಂಡಾ?”

“ಅವ್ರ ಕಾಲದ ಹುಲ್ಲು ಬೇರೆ ಮೇಡಂ. ಬಾಲು ಜಾರ್ಕೊಂಡು ಹೋಗ್ತಿತ್ತು. ಈಗಿನ ಹುಲ್ಲಲ್ಲಿ ಬಾಲು ಎದ್ದು ನಿಂತು, ಬಾ ಹೊಡಿ ಅಂತದೆ. ಬ್ಯಾಟಿನ ತಂತಿನೂ ಬೇರೆ. ಈಗಿನ ತಂತೀಲಿ ಎಲ್ಲಿಂದ ಹೊಡೆದ್ರೂ ಬಾಲು ತಿರುಗಿ ಕೆಳಗೆ ಬೀಳ್ತದೆ.”

“ಫೆಡರರ್?”

ಹುಡುಗಿ ಸ್ವಲ್ಪ ಯೋಚಿಸಿದಳು. “ಫೆಡರರ್‌ನ ಒಪ್ತೀನಿ. ಎದುರಾಳಿ ಎರಡನೇ ಸರ್ವ್ ಹಾಕೋವಾಗ್ಲೇ ಮುಂದಕ್ಕೆ ನುಗ್ತಿದ್ರಲ್ಲ, ಅದು ಧೈರ್ಯ. ಅಲ್ಕರಾಸ್‌ನೂ ಒಪ್ತೀನಿ. ಆದ್ರೆ ಅವ್ರು ಹಿಂದೇನೇ ಕೆಲ್ಸ ಮುಗಿಸಿರ್ತಾರೆ, ಮುಂದಕ್ಕೆ ಬರೋದು ಬಾಗಿಲು ಹಾಕೋಕೆ ಮಾತ್ರ.”

ಬಾಗಿಲು ಹಾಕೋಕೆ! ಮೂವತ್ತೈದು ವರ್ಷದಿಂದ ನಾನು ಈ ಆಟ ನೋಡುತ್ತಿದ್ದೇನೆ, ಇಷ್ಟು ಸರಿಯಾಗಿ ಯಾರೂ ಹೇಳಿದ್ದು ಕೇಳಿರಲಿಲ್ಲ. ಸಿಟ್ಟಿಗೆ ಸಿಟ್ಟೂ ಬಂತು, ಖುಷಿಗೆ ಖುಷಿಯೂ ಆಯಿತು. ವಾಪಸ್ಸು ಬರುವಾಗ ಕಾರಿನಲ್ಲಿ, “ಇವಳೇ ನನ್ನ ಸೊಸೆ” ಅಂತ ಹೇಳಿಬಿಟ್ಟೆ. “ಹುಡುಗನ್ನ ಒಂದ್ ಮಾತು ಕೇಳೇ, ಕಟ್ಕೊಳೋನು ಅವ್ನು” ಅಂದರು ಯಜಮಾನರು. ಹುಡುಗ ಅಷ್ಟರಲ್ಲಿ ಹಿಂದಿನ ಸೀಟಿನಲ್ಲಿ ಕೂತು ಅವಳಿಗೆ ಮೆಸೇಜು ಹಾಕುತ್ತಿದ್ದ. ಕೇಳುವುದೇನು ಬಂತು?

ನಾನು ಯಾರು ಅಂತ ಹೇಳಲಿಲ್ಲ. ನಾನು ಹೇಮಲತಾ, ನಂಜನಗೂಡು ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕಿ. ಮಕ್ಕಳು ಎದುರಿಗೆ ಪಿ.ಟಿ. ಮೇಡಂ ಅನ್ನುತ್ತಾರೆ, ಬೆನ್ನ ಹಿಂದೆ ಸೀಟಿ ಮೇಡಂ ಅನ್ನುತ್ತಾರೆ. ವಯಸ್ಸು ನಲವತ್ತೇಳು. ಬಾಯಿ ಜೋರು. ಅದನ್ನು ನಾನೇ ಹೇಳಿದರೆ ಒಪ್ಪುತ್ತೇನೆ, ಬೇರೆಯವರು ಹೇಳಿದರೆ ಒಪ್ಪುವುದಿಲ್ಲ.

ನನ್ನ ಆಟ ಹುಟ್ಟಿದ್ದು ದೇವನೂರಿನ ನಮ್ಮ ಕಣದಲ್ಲಿ. ನಮ್ಮಪ್ಪ ಬೋರಯ್ಯ ನಂಜನಗೂಡಿನಲ್ಲಿ ಆಫೀಸರುಗಳು ಆಡುವ ಒಂದು ಕ್ಲಬ್ಬಿನಲ್ಲಿ ಜವಾನರಾಗಿದ್ದರು. ತಂತಿ ಕಿತ್ತ ರ‍್ಯಾಕೆಟ್ಟು, ಕೂದಲು ಉದುರಿ ಬೋಳಾದ ಬಾಲು, ಇವನ್ನೆಲ್ಲ ಮನೆಗೆ ತರುತ್ತಿದ್ದರು. ರಾಗಿ ಒಕ್ಕಣೆ ಮುಗಿದ ಮೇಲೆ ಕಣ ಖಾಲಿ. ಅಡ್ಡಕ್ಕೆ ಹಗ್ಗ ಕಟ್ಟಿಕೊಂಡು ನಾನೂ ನನ್ನ ಅಣ್ಣನೂ ಆಡುತ್ತಿದ್ದೆವು. ಸಗಣಿ ಸಾರಿಸಿದ ನೆಲ, ಬೋಳು ಬಾಲು. ಒಂದು ಸಲ ಕೆಳಗೆ ಬಿತ್ತು ಅಂದರೆ ಅದು ಮೇಲೇಳುತ್ತಿರಲಿಲ್ಲ, ಅಲ್ಲೇ ಮಲಗಿಬಿಡುತ್ತಿತ್ತು. ಹಾಗಾಗಿ ಬೀಳುವ ಮೊದಲೇ ಹೊಡೆಯಬೇಕು. ಮುಂದಕ್ಕೆ ಓಡಬೇಕು, ಹಗ್ಗದ ಹತ್ತಿರ ನಿಲ್ಲಬೇಕು, ಗಾಳಿಯಲ್ಲೇ ಬಾಲನ್ನು ತಡೆಯಬೇಕು. ಟೆನಿಸ್ ಅಂದರೆ ಇದೇ ಅಂದುಕೊಂಡಿದ್ದೆ. ಒಂದು ವರ್ಷ ಪಂಚಾಯ್ತಿ ಟಿ.ವಿ.ಯಲ್ಲಿ ವಿಂಬಲ್ಡನ್ ಫೈನಲ್ ಬಂತು. ಎಡ್ಬರ್ಗ್ ಸರ್ವ್ ಹಾಕಿ ಮುಂದಕ್ಕೆ ಓಡಿ ಬಂದು ನೆಲ ಮುಟ್ಟದ ಬಾಲನ್ನು ಮೆಲ್ಲಗೆ ಆಚೆ ಇಟ್ಟ. “ಅಪ್ಪೋ, ನಮ್ ಕಣದಾಟ ಕಣಪ್ಪೋ!” ಅಂತ ನಾನು ಕೂಗಿದ್ದಕ್ಕೆ ಅಲ್ಲಿ ಕೂತಿದ್ದವರೆಲ್ಲ ನಕ್ಕರು. ನಗಲಿ. ಅವತ್ತಿನಿಂದ ನನಗೆ ಅನುಮಾನವೇ ಇರಲಿಲ್ಲ.

ತಿ. ನರಸೀಪುರದ ಒಂದು ಕ್ಲಬ್ಬಿನವರು ಪ್ರತಿ ವರ್ಷ ಎರಡು ತಾಲ್ಲೂಕಿನ ಹೆಂಗಸರಿಗೆ ಟೆನಿಸ್ ಪಂದ್ಯ ಇಡುತ್ತಾರೆ. ಗೆದ್ದವಳಿಗೆ ಒಂದು ಕಪ್ಪು, ಜೊತೆಗೆ ಜಿಲ್ಲಾ ತಂಡದಲ್ಲಿ ಜಾಗ. ಕಪ್ಪನ್ನು ನಾನು ಎಷ್ಟೋ ಸಲ ಮನೆಗೆ ತಂದಿದ್ದೇನೆ. ಆದರೆ ಒಂದು ಮಾತು ಒಳಗೊಳಗೇ ಕೊರೆಯುತ್ತಿತ್ತು. ನನ್ನ ಎದುರಿಗೆ ಆಡುತ್ತಿದ್ದವರು ಬ್ಯಾಂಕಿನ ಮ್ಯಾನೇಜರಮ್ಮ, ಕಾಲೇಜಿನ ಲೆಕ್ಚರರ್ರು, ಡಾಕ್ಟರಮ್ಮ. ಪಾಪ, ನಾನು ನೆಟ್ಟಿಗೆ ಓಡಿ ಬಂದೆ ಅಂದರೆ ಅವರಿಗೆ ಕೈಕಾಲು ಬಿದ್ದುಹೋಗುತ್ತಿತ್ತು. ಪಕ್ಕದಲ್ಲಿ ಬಾಲು ತೂರಿಸಲು ಒಬ್ಬರಿಗೂ ಬರುತ್ತಿರಲಿಲ್ಲ. ಹಾಗಾದರೆ ನಾನು ನಿಜವಾಗಿ ಚೆನ್ನಾಗಿ ಆಡುತ್ತೇನಾ, ಅಥವಾ ಅವರಿಗೇ ಆಡಲು ಬರುವುದಿಲ್ಲವಾ? ಹಾಳೂರಿಗೆ ಉಳಿದವನೇ ಗೌಡ ಅಂದ ಹಾಗೆ ಆಗಿದೆಯಾ ನನ್ನ ಕತೆ? ಕಾಲಲ್ಲಿ ಕಸುವು ಇರುವಾಗಲೇ ಒಂದು ಸಲ ಇದು ಗೊತ್ತಾಗಬೇಕಿತ್ತು ನನಗೆ.

ಈ ವರ್ಷ ಪಲ್ಲವಿಯೂ ಹೆಸರು ಕೊಟ್ಟಳು. ಅಷ್ಟರಲ್ಲಿ ವೀಳ್ಯಶಾಸ್ತ್ರ ಆಗಿ, ಮದುವೆಗೆ ದಿನ ಇಟ್ಟಾಗಿತ್ತು. ಅವಳ ಸೆಮಿಫೈನಲ್ ನೋಡಲು ನಾನು ಹೋಗಿದ್ದೆ. ಅಬ್ಬಬ್ಬಾ! ಹಿಂದಿನ ಗೆರೆಯ ಮೇಲೆ ನಿಂತು ಅವಳು ಬೀಸಿದ ಬಾಲು ನೆಟ್ಟಿನ ಮೇಲೆ ಎತ್ತರಕ್ಕೆ ಹೋಗಿ, ಆಚೆ ತಲೆ ಬಗ್ಗಿಸಿ, ಗೆರೆಯ ಒಳಗೇ ಬೀಳುತ್ತಿತ್ತು. ಡಾಕ್ಟರಮ್ಮ ಒಂದೇ ಒಂದು ಸಲ ಮುಂದಕ್ಕೆ ಬಂದರು. ಪಲ್ಲವಿ ಅವರ ಪಕ್ಕದಲ್ಲಿ ಹೊಡೆದದ್ದು ಅವರಿಗೆ ಕಾಣಿಸಲೇ ಇಲ್ಲ. ನಾನು ಕೂತಲ್ಲೇ ಕೈ ಹೊಸಕಿಕೊಂಡೆ. ಇವಳ ಎದುರು ಗೆದ್ದರೆ ಗೆದ್ದ ಹಾಗೆ. ಸೋತರೂ ನಾನು ಎಂಥವಳು ಅಂತ ಗೊತ್ತಾಗುತ್ತದೆ.

ಫೈನಲ್ ಭಾನುವಾರ ಬೆಳಿಗ್ಗೆ. ಎರಡೂ ಕಡೆಯ ನೆಂಟರು ಬೀಗರೂಟಕ್ಕೆ ಬಂದ ಹಾಗೆ ಬಂದಿದ್ದರು. ನಮ್ಮ ಕಡೆಯವರು ಒಂದು ಪಕ್ಕ, ತಲಕಾಡಿನವರು ಇನ್ನೊಂದು ಪಕ್ಕ, ನಡುವೆ ಪುಳಿಯೋಗರೆ ಡಬರಿ. ಅಂಪೈರ್ ಯಾರು ಅಂತೀರಿ? ನನ್ನ ಮಗನೇ. ತಾಂಡ್ಯದ ಕಾರ್ಖಾನೆಯಲ್ಲಿ ಸೂಪರ್‌ವೈಸರ್, ಆದರೆ ನಾಲ್ಕು ವರ್ಷದಿಂದ ಈ ಪಂದ್ಯಕ್ಕೆ ಅಂಪೈರಿಂಗ್ ಅವನದೇ. ಕ್ಲಬ್ಬಿನವರು ನಮ್ಮಿಬ್ಬರನ್ನೂ ಕೇಳಿದರು. “ನಂಗೇನಿಲ್ಲ” ಅಂದೆ ನಾನು. “ನಂಗೂ ಏನಿಲ್ಲ” ಅಂದಳು ಅವಳು. ಎತ್ತರದ ಕುರ್ಚಿ ಹತ್ತಿ ಕೂತ ಮಹೇಂದ್ರನ ಮುಖ ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯ ಹಾಗಿತ್ತು. “ಆಡೋರು ಆಡ್ತಾರೆ, ಬೈಸ್ಕೊಳೋನು ಇವ್ನು” ಅಂತ ಯಜಮಾನರು ಫ್ಲಾಸ್ಕಿನಿಂದ ಟೀ ಬಗ್ಗಿಸಿಕೊಂಡರು.

ಆಟ ಶುರುವಾಯಿತು. ನಾನು ಸರ್ವ್ ಹಾಕಿ ಓಡಿದೆ. ಪಲ್ಲವಿ ಹೊಡೆದ ಬಾಲು ನನ್ನ ರ‍್ಯಾಕೆಟ್ಟಿಗೇ ಬಂತು. ಆಚೆ ಮೂಲೆಗೆ ತಳ್ಳಿದೆ. ಮತ್ತೆ ಸರ್ವ್, ಮತ್ತೆ ಓಟ, ಮತ್ತೆ ಬಾಲು ನನ್ನ ಕೈಗೇ. ನಮ್ಮ ಕಡೆಯ ಹೆಂಗಸರು ಚಪ್ಪಾಳೆ ಹೊಡೆದರು. ಅವಳ ಸರ್ವಿನಲ್ಲೂ ಅದೇ ಕತೆ, ಒಂದು ಬಾಲು ನೆಟ್ಟಿಗೆ, ಒಂದು ಬಾಲು ಹೊರಗೆ. ಮೊದಲನೇ ಸೆಟ್ ಆರು–ಒಂದು. ನನ್ನ ಮೈ ಬೆವರಲೇ ಇಲ್ಲ.

ಮೊದಲ ಎರಡು ಗೇಮು ನನಗೂ ಹಿಗ್ಗಾಯಿತು. ನೆಟ್ ಆಟ ಅಂದರೆ ಇದು, ಕಲಿತುಕೊಳ್ಳಲಿ ಅಂತ ಅಂದುಕೊಂಡೆ. ಮೂರನೇ ಗೇಮಿನಲ್ಲಿ ಅವಳ ಕಣ್ಣು ನೋಡಿದೆ. ಬಾಲು ಹೊಡೆಯುವ ಮುಂಚೆ ಅವಳು ಖಾಲಿ ಜಾಗ ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದಳು. ಎಲ್ಲಿದ್ದೀನಿ ಅಂತ ನೋಡಿ, ಅಲ್ಲಿಗೇ ತಂದುಕೊಡುತ್ತಿದ್ದಳು, ಮುತ್ತೈದೆಗೆ ಅರಿಶಿನ ಕುಂಕುಮ ಕೊಟ್ಟ ಹಾಗೆ. ನಾಲ್ಕು ದಿನದ ಹಿಂದೆ ಡಾಕ್ಟರಮ್ಮನನ್ನು ಕಂಬದ ಹಾಗೆ ನಿಲ್ಲಿಸಿದವಳು ಇವಳೇ ಏನು? ಮೈಯೆಲ್ಲ ಉರಿದುಹೋಯಿತು.

ಸೆಟ್ ಮುಗಿದು ಕಡೆ ಬದಲಾಯಿಸುವಾಗ ನೆಟ್ಟಿನ ಪಕ್ಕದಲ್ಲಿ ಅವಳನ್ನು ನಿಲ್ಲಿಸಿದೆ.

“ಏನಿದು ಪಲ್ಲವಿ?”

“ಏನು ಅತ್ತೆ?”

“ಏನು ಅತ್ತೆ ಅಂತೆ! ನನ್ನೇನು ಕುರುಡಿ ಅಂದ್ಕೊಂಡಿದ್ದೀಯಾ? ನೆಟ್ಟಗೆ ಯಾಕೆ ಆಡ್ತಿಲ್ಲ?”

 ಅವಳ ಕಣ್ಣು ತಲಕಾಡಿನವರು ಕೂತಿದ್ದ ಕಡೆಗೆ ಹೋಯಿತು. ಅಲ್ಲಿ ಚಿನ್ನಮ್ಮ ಸೆರಗಿನ ತುದಿ ಹಿಡಿದು, ದೇವರಿಗೆ ಹರಕೆ ಹೊತ್ತವರ ಹಾಗೆ ಕೂತಿದ್ದರು. ನನಗೆ ಎಲ್ಲಾ ಅರ್ಥವಾಯಿತು. ರ‍್ಯಾಕೆಟ್ ಹಿಡಿದುಕೊಂಡೇ ಅವರ ಹತ್ತಿರ ಹೋದೆ.

“ಚಿನ್ನಮ್ಮನವ್ರೆ, ಮಗಳಿಗೆ ಏನು ಹೇಳಿಕೊಟ್ಟಿದ್ದೀರಿ?”

“ನಾನೇನು ಯೋಳ್ಲಿ ಅಕ್ಕಾ...”

“ಸುಳ್ಳು ಬೇಡ. ಹೇಳಿ.”

ಚಿನ್ನಮ್ಮನಿಗೆ ಅಳುವೇ ಬಂದುಬಿಟ್ಟಿತು. “ಇನ್ನೇನ್ ಯೋಳಾನಕ್ಕ? ಅತ್ತೆಯ ಇಷ್ಟ್ ಜನದ ಮುಂದೆ ಸೋಲಿಸ್ಬುಟ್ಟು ಆ ಮನ್ಗೆ ಯಾವ ಮಕ ಒತ್ಕಂಡು ಓದಾಳು? ನಾಳೆ ದಿನ ಯಾರಾರಾ ಒಬ್ರು ಆಡ್ಕಳಾಕಿಲ್ವಾ, ಮದ್ವೆಗ್ ಮುಂಚೇನೇ ಅತ್ತೆ ಮೇಲೆ ಕೈ ಎತ್ತುದ್ಲು ಅಂತ? ಅದ್ಕೇಯ ಬೆಳಿಗ್ಗೆ ನನ್ ತಲೆ ಮ್ಯಾಲೆ ಕೈ ಇಡುಸ್ಕಂಡು ಆಣೆ ಆಕುಸ್ಕಂಡೆ. ಸೋತು ಬಾ ಕೂಸೇ, ಬಾಳು ಚೆಂದಾಗಿರ್ಲಿ ಅಂತ.”

ತಾಯಿಯ ತಲೆ ಮೇಲೆ ಆಣೆ! ಅದನ್ನು ಮುರಿದರೆ ತಾಯಿಗೆ ಕೇಡು ಅಂತ ನಂಬುವ ಜನ ನಾವು. ಓದಿದವರು, ಆಡಿದವರು, ಯಾರೂ ಅದಕ್ಕೆ ಹೊರತಲ್ಲ. ಹುಡುಗಿಯ ಕೈ ಕಟ್ಟಿ ಹಾಕಿ ಕಳಿಸಿದ್ದಾರೆ, ನಾನು ಆ ಕಟ್ಟಿದ ಕೈಯ ಮೇಲೆ ಗೆದ್ದು ಹಿಗ್ಗುತ್ತಿದ್ದೇನೆ. ಥೂ!

“ನೋಡಿ ಚಿನ್ನಮ್ಮನವ್ರೆ, ಸರಿಯಾಗಿ ಕೇಳಿಸ್ಕೊಳ್ಳಿ” ಅಂದೆ. ನನ್ನ ಧ್ವನಿ ಶಾಲೆಯ ಮೈದಾನದ ಧ್ವನಿ, ಸಣ್ಣದು ಮಾಡಿದರೂ ಆಚೆ ಬೀದಿಗೆ ಕೇಳುತ್ತದೆ. “ಇಷ್ಟು ವರ್ಷ ನಾನು ನೆಟ್ಟಿಗೆ ಓಡ್ತಾ ಇದ್ದೀನಿ. ನನ್ನ ತಡೆಯೋರು ಈ ಎರಡು ತಾಲ್ಲೂಕಲ್ಲಿ ಒಬ್ರೂ ಸಿಕ್ಕಿಲ್ಲ. ನಾನು ನಿಜವಾಗ್ಲೂ ಆಡ್ತೀನಾ ಇಲ್ವಾ ಅಂತ ಹೇಳೋಕೆ ಆಗೋದು ನಿಮ್ಮ ಮಗಳೊಬ್ಬಳಿಗೇ. ಅದಕ್ಕೋಸ್ಕರ ಕಾಯ್ತಾ ಇದ್ದೆ ನಾನು. ಅದನ್ನ ಕಿತ್ಕೊಂಡ್ರಲ್ಲ ನೀವು. ಇವಳು ಹಿಂಗೇ ಸೋತ್ರೆ ವೀಳ್ಯ ವಾಪಸ್ ಕಳಿಸ್ತೀನಿ. ಸುಳ್ಳು ಸೋಲು ತಗೊಂಡು ಬರೋ ಸೊಸೆ ನನಗೆ ಬೇಡ.”

 ಕುರ್ಚಿಯ ಮೇಲಿಂದ ಮಹೇಂದ್ರ ಸಣ್ಣ ದನಿಯಲ್ಲಿ, “ಅಮ್ಮ... ಟೈಮ್” ಅಂದ.

“ನಿನ್ ಟೈಮಿಗಿಷ್ಟು ಬೆಂಕಿ ಹಾಕ! ಕೂತ್ಕೊಳೋ ಸುಮ್ನೆ!”

ಚಾಮಯ್ಯನವರು ಎದ್ದು ಬಂದರು. “ಅವರು ಯೋಳಾದು ಸರೀಗದೆ ಕಣಮ್ಮಿ. ಆಟ ಅಂದ್ಮೇಲೆ ಆಟ. ಬುಡು” ಅಂದರು ಹೆಂಡತಿಗೆ. ಚಿನ್ನಮ್ಮ ನನ್ನ ಮುಖ ನೋಡಿದರು, ಮಗಳ ಮುಖ ನೋಡಿದರು. ಆಮೇಲೆ ಎದ್ದು, ಕೋರ್ಟಿನ ಬೇಲಿಯವರೆಗೆ ಬಂದು ನಿಂತಿದ್ದ ಮಗಳ ಹತ್ತಿರ ಹೋಗಿ ಅವಳ ಬಲಗೈ ಎತ್ತಿ ತಮ್ಮ ತಲೆಯ ಮೇಲೆ ಇಟ್ಟುಕೊಂಡು, ಅದನ್ನು ತಾವೇ ತೆಗೆದು ಕೆಳಗೆ ಬಿಟ್ಟರು. “ತಗುದ್ಬುಟ್ಟಿವ್ನಿ ಕಣವ್ವ ಆಣೆಯ. ನಂಜನಗೂಡ್ ನಂಜುಂಡಪ್ಪನೇ ಸಾಕ್ಷಿ. ಇನ್ ಎಂಗಾರಾ ಆಡ್ಕೊ.”

ಪಲ್ಲವಿ ಮುಖ ತೊಳೆದುಕೊಂಡು ಬಂದಳು. ಕೂದಲನ್ನು ಮತ್ತೆ ಬಿಗಿಯಾಗಿ ಕಟ್ಟಿದಳು.

ಎರಡನೇ ಸೆಟ್ಟಿನ ಮೊದಲ ಪಾಯಿಂಟ್. ಅವಳ ಸರ್ವನ್ನು ತಿರುಗಿಸಿ ಹೊಡೆದು ನಾನು ಓಡಿ ಬಂದೆ. ಅವಳು ಪಕ್ಕಕ್ಕೂ ಹೊಡೆಯಲಿಲ್ಲ, ಮೇಲಕ್ಕೂ ಎತ್ತಲಿಲ್ಲ. ನೇರವಾಗಿ ನನ್ನ ಎದೆಗೇ ಬಿಟ್ಟಳು. ರ‍್ಯಾಕೆಟ್ ತಿರುಗಿಸಲೂ ಆಗಲಿಲ್ಲ, ಬಾಲು ಭುಜಕ್ಕೆ ಬಡಿದು ಮೇಲಕ್ಕೆ ಚಿಮ್ಮಿತು. “ಅಯ್ಯಯ್ಯೋ, ಒಡ್ದೇಬುಟ್ಳಲ್ಲಪ್ಪೋ!” ಅಂತ ಚಿನ್ನಮ್ಮ ಕಿರುಚಿದರು. ಭುಜ ಚುರುಚುರು ಅನ್ನುತ್ತಿತ್ತು. ನನಗೆ ನಗು ತಡೆಯಲಾಗಲಿಲ್ಲ.

“ಸಾರಿ ಅತ್ತೆ” ಅಂದಳು ಪಲ್ಲವಿ.

“ಸಾರಿ ಹೇಳಿದ್ರೆ ನೋಡು! ಹೊಡಿ!”

ಹೊಡೆದಳು ನೋಡಿ ಆಮೇಲೆ. ನಾನು ಎಡಕ್ಕೆ ವಾಲಿದರೆ ಬಲಕ್ಕೆ, ಬಲಕ್ಕೆ ವಾಲಿದರೆ ಎಡಕ್ಕೆ. ಕೆಲವು ಬಾಲು ನೆಟ್ಟು ದಾಟಿದ ಕೂಡಲೇ ನನ್ನ ಕಾಲ ಹತ್ತಿರ ಮುಳುಗುತ್ತಿದ್ದವು. ಬಗ್ಗಿ ಎತ್ತಿದರೆ ಅವಳು ಆಗಲೇ ಒಂದು ಹೆಜ್ಜೆ ಮುಂದೆ ಬಂದು ಕಾಯುತ್ತಿದ್ದಳು. ಇಷ್ಟು ವರ್ಷ ಟಿ.ವಿ.ಯಲ್ಲಿ ನೋಡಿದ್ದು ಈಗ ನನ್ನ ಮೈಮೇಲೇ ಬರುತ್ತಿತ್ತು. ಸೆಟ್ ಅವಳದು, ಆರು–ಎರಡು.  “ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ” ಅಂತ ಯಾರೋ ಅಂದರು, ಒಂದಿಬ್ಬರು ಕಿಸಕ್ಕನೆ ನಕ್ಕರು.

ನಗಲಿ, ನನ್ನ ಕಾಲ ಇನ್ನೂ ಮುಗಿದಿಲ್ಲ ಅಂದುಕೊಂಡೆ. ನೀರು ಕುಡಿದು ಕೂತು ಯೋಚಿಸಿದೆ. ಅವಳ ಬಲ ಎಲ್ಲಾ ಎದ್ದು ಬರುವ ಬಾಲಿನಲ್ಲಿ. ಸೊಂಟದ ಎತ್ತರಕ್ಕೆ ಬಂದದ್ದನ್ನು ಬೀಸಿ ತಿರುಗಿಸುತ್ತಾಳೆ. ಹಾಗಾದರೆ ಬಾಲು ಏಳಲೇಬಾರದು. ನಮ್ಮ ಕಣದಲ್ಲಿ ಎದ್ದಿತ್ತಾ? ಮೂರನೇ ಸೆಟ್ಟಿನಲ್ಲಿ ಎಲ್ಲವನ್ನೂ ಕೆಳಗಿನಿಂದ ಕೊಯ್ದು, ತಗ್ಗಾಗಿ, ಅವಳ ಎಡಗಡೆಗೆ ಕಳಿಸಿದೆ. ಕಳಿಸಿ ಅದರ ಹಿಂದೆಯೇ ಓಡಿದೆ. ಅವಳು ಮೊಣಕಾಲು ಬಗ್ಗಿಸಿ ಕೆದಕಿ ಎತ್ತಬೇಕಾಯಿತು. ಎತ್ತಿದ್ದನ್ನು ನಾನು ಗಾಳಿಯಲ್ಲೇ ಹಿಡಿದು ನೆಟ್ಟಿನ ಆಚೆ ಬದಿಗೆ ಮೆಲ್ಲಗೆ ಬಿಟ್ಟೆ. ಹಾಗೆ ಬಿಡುವುದಕ್ಕೆ ಮಣಿಕಟ್ಟು ಸಡಿಲ ಇರಬೇಕು, ಮನಸ್ಸು ಗಟ್ಟಿ ಇರಬೇಕು. ನನಗೆ ಎರಡೂ ಇತ್ತು. ಅವಳು ಓಡೋಡಿ ಬರುವಷ್ಟರಲ್ಲಿ ಬಾಲು ಎರಡು ಸಲ ಬಿದ್ದಿರುತ್ತಿತ್ತು. ನಾಲ್ಕು–ಎರಡು ನನ್ನ ಕಡೆಗೆ. ನನ್ನ ಜನ್ಮದಲ್ಲೇ ಅಷ್ಟು ಚೆನ್ನಾಗಿ ಆಡಿರಲಿಲ್ಲ, ಸುಳ್ಳು ಯಾಕೆ ಹೇಳಲಿ.

ಆಗ ಆ ಹುಡುಗಿ ಏನು ಮಾಡಿದಳು ಗೊತ್ತಾ? ಬಾಲನ್ನು ನನ್ನ ತಲೆಯ ಮೇಲೆ ಎತ್ತಿ ಎತ್ತಿ ಹಿಂದಿನ ಗೆರೆಗೆ ಹಾಕತೊಡಗಿದಳು. ಒಂದು ಸಲ ಹಿಂದಕ್ಕೆ ಓಡಿ ಹೊಡೆದೆ. ಎರಡನೇ ಸಲವೂ ಹೊಡೆದೆ. ಆಮೇಲೆ ಕಾಲು ಕೇಳಲಿಲ್ಲ. ಇಪ್ಪತ್ತಮೂರರ ಕಾಲಿಗೂ ನಲವತ್ತೇಳರ ಕಾಲಿಗೂ ವ್ಯತ್ಯಾಸ ಇದೆ, ಅದನ್ನು ಅವಳು ನೋಡಿಕೊಂಡಳು, ಬಳಸಿಕೊಂಡಳು. ಹಾಗೇ ಮಾಡಬೇಕು. ನಾಲ್ಕು–ನಾಲ್ಕು ಆಯಿತು, ಐದು–ಐದು ಆಯಿತು, ಅವಳು ಆರಕ್ಕೆ ಹೋದಳು. ಮಹೇಂದ್ರ ಸ್ಕೋರು ಹೇಳುವುದೇ ಕೇಳಿಸುತ್ತಿರಲಿಲ್ಲ. ನಾನು ಸರ್ವ್ ಮಾಡುತ್ತಿದ್ದೆ. ಗೇಮು ಉಳಿಸಿಕೊಳ್ಳಬೇಕು, ಇಲ್ಲದಿದ್ದರೆ ಮುಗಿಯಿತು. ಎರಡು ಸಲ ಸಮ ಆಗಿ, ಮ್ಯಾಚ್ ಪಾಯಿಂಟ್ ಅವಳ ಕೈಗೆ ಬಂತು.

ಹಿಂದೆಯೇ ನಿಲ್ಲಬಹುದಿತ್ತು. ಉಸಿರು ಸಿಗುತ್ತಿರಲಿಲ್ಲ, ನಿಂತು ರ‍್ಯಾಲಿ ಆಡಿದ್ದರೆ ಅವಳೂ ತಪ್ಪು ಮಾಡಬಹುದಿತ್ತು. ಆ ಯೋಚನೆ ಬಂತು, ಬಂದಷ್ಟೇ ಬೇಗ ಹೋಯಿತು. ಅಗಲಕ್ಕೆ ಸರ್ವ್ ಹಾಕಿ ಓಡಿದೆ. ಅವಳು ತಿರುಗಿಸಿದ ಬಾಲನ್ನು ನೆಟ್ಟಿನ ಹತ್ತಿರ ಹಿಡಿದು ಆಚೆಯ ಖಾಲಿ ಮೂಲೆಗೆ ಉದ್ದಕ್ಕೆ ಹಾಕಿದೆ. ನೆಲ ಮುಟ್ಟುವ ಮೊದಲೇ ಹೊಡೆದ ಒಳ್ಳೆ ವಾಲಿ ಅದು, ಮುಕ್ಕಾಲು ಪಾಲು ಅಲ್ಲಿಗೇ ಆಟ ಮುಗಿಯಬೇಕು. ಪಲ್ಲವಿ ಓಡಿದಳು, ಜಾರಿದಳು, ಹೇಗೋ ರ‍್ಯಾಕೆಟ್ ತಲುಪಿಸಿದಳು. ಅಡ್ಡಕ್ಕೆ ಹೊಡೆಯುತ್ತಾಳೆ ಅಂತ ಆ ಕಡೆಗೆ ನೆಗೆದೆ. ಕೊನೇ ಗಳಿಗೆಯಲ್ಲಿ ಅವಳ ಭುಜ ತಿರುಗಿದ್ದು ಕಂಡಿತು. ಗೆರೆಯ ಉದ್ದಕ್ಕೆ! ನೆಲಕ್ಕೆ ಬಿದ್ದ ಕಾಲನ್ನು ಒದ್ದು ವಾಪಸ್ಸು ಆಚೆ ಕಡೆಗೆ ಹಾರಿದೆ. ರ‍್ಯಾಕೆಟ್ಟಿನ ತುದಿಗೆ ಬಾಲು ತಗುಲಿದ್ದು ಗೊತ್ತಾಯಿತು. ತಗುಲಿ, ನನ್ನ ಕಣ್ಣೆದುರೇ ಗೆರೆಯಿಂದ ಆಚೆಗೆ ಹೋಗಿ ಬಿತ್ತು. ನಾನು ಮಣ್ಣಿನಲ್ಲಿ ಮಕಾಡೆ ಬಿದ್ದಿದ್ದೆ.

ಸೋತೆ. ಎದೆ ಒಡೆದ ಹಾಗಾಯಿತು. ಸೋತರೂ ಪರವಾಗಿಲ್ಲ ಅಂತ ನಾಲ್ಕು ದಿನದ ಹಿಂದೆ ಅಂದುಕೊಂಡಿದ್ದೆ, ಅದೆಲ್ಲಾ ಬರೀ ಬಾಯಿಮಾತು. ಗೆಲ್ಲಬೇಕಿತ್ತು ನನಗೆ.

ಎದ್ದು ನಿಲ್ಲುವಷ್ಟರಲ್ಲಿ ಚಿನ್ನಮ್ಮ ಓಡಿ ಬಂದು ತಬ್ಬಿಕೊಂಡರು. “ಅಕ್ಕಾ, ದೊಡ್ ಮನ್ಸು ನಿಮ್ದು! ನನ್ ಕೂಸ್ಗೆ ಬುಟ್ಕೊಟ್ರಲ್ಲ!”

“ಏನಂದ್ರಿ?”

“ನಂಗೊತ್ತಿಲ್ವಾ ಅಕ್ಕಾ? ಅಷ್ಟ್ ಚೆಂದಾಗಿ ಗೆಲ್ತಿದ್ದೋರು ಕೊನ್ಗೆ ಎಂಗೆ ಸೋತ್ಬುಟ್ರಿ? ತಾಯಿ ಕರುಳು!”

“ಬಿಟ್ಕೊಟ್ಟಿಲ್ಲ ಕಣ್ರೀ! ಸೋತೆ! ನಿಮ್ಮ ಮಗಳು ಗೆದ್ಲು!”

ಅವರು ಇನ್ನೂ ಗಟ್ಟಿಯಾಗಿ ಅತ್ತರು. ಆ ಕಡೆ ಕ್ಲಬ್ಬಿನ ಅಧ್ಯಕ್ಷರು ಮೈಕು ಹಿಡಿದು ಶುರು ಮಾಡಿದ್ದರು. “ಸೊಸೆಯ ಸಂತೋಷಕ್ಕಾಗಿ ತಮ್ಮ ಕಪ್ಪನ್ನೇ ತ್ಯಾಗ ಮಾಡಿದ ಮಹಾತಾಯಿ ಶ್ರೀಮತಿ ಹೇಮಲತಾ ಅವರಿಗೆ...” ಚಪ್ಪಾಳೆಯೋ ಚಪ್ಪಾಳೆ. ನೆಟ್ಟಗೆ ಹೋಗಿ ಅವರ ಕೈಯಿಂದ ಮೈಕು ಕಿತ್ತುಕೊಂಡೆ.

“ಎಲ್ಲಾರೂ ಕೇಳಿ. ನಾನು ಒಂದು ಪಾಯಿಂಟೂ ಬಿಟ್ಕೊಟ್ಟಿಲ್ಲ. ನನ್ನ ಕೈಲಾದಷ್ಟೂ ಆಡಿದೆ. ಕೊನೇದಾಗಿ ಅವಳು ಹೊಡೆದ ಬಾಲನ್ನ ಎಡ್ಬರ್ಗ್ ಬಂದಿದ್ರೂ ತಡೆಯೋಕಾಗ್ತಿರ್ಲಿಲ್ಲ. ಅವಳು ಗೆದ್ದಿದ್ದಾಳೆ. ಅವಳ ಗೆಲುವು ಅವಳಿಗೆ ಕೊಡಿ!”

ಚಪ್ಪಾಳೆ ಇಮ್ಮಡಿಯಾಯಿತು. “ನೋಡಿ, ಒಪ್ಕೊಳ್ಳೋದೂ ಇಲ್ಲ, ಎಂಥಾ ದೊಡ್ಡಗುಣ” ಅಂದಿತು ಒಂದು ಧ್ವನಿ. ಇವರಿಗೆ ಏನು ಹೇಳುವುದು? ಗೋಡೆಗೆ ತಲೆ ಚಚ್ಚಿಕೊಳ್ಳಬೇಕು. ವೇದಿಕೆಯಿಂದ ಕೆಳಗೆ ಇಳಿದರೆ ನಮ್ಮ ಯಜಮಾನರು, ಇಪ್ಪತ್ತೈದು ವರ್ಷ ನನ್ನ ಜೊತೆ ಬಾಳಿದ ಮನುಷ್ಯ, ಟೀ ಲೋಟ ಕೊಡುತ್ತಾ ಕಿವಿಯಲ್ಲಿ ಪಿಸುಗುಟ್ಟಿದರು. “ಒಳ್ಳೆ ಕೆಲ್ಸ ಮಾಡ್ದೆ ಕಣೇ.”

“ನೀವೂನಾ?” ಅಂದೆ. ಲೋಟ ಅವರ ಕೈಗೇ ವಾಪಸ್ಸು ಕೊಟ್ಟೆ.

ನನ್ನ ಸೋಲು ಅವರಿಗೆ ಏನು ಬೇಕಾದರೂ ಆಗಲಿ, ಚಿಂತೆಯಿಲ್ಲ. ನಾನು ಹೆದರಿದ್ದು ಇನ್ನೊಂದಕ್ಕೆ. ಪಲ್ಲವಿ ಇದನ್ನೆಲ್ಲ ಕೇಳಿಸಿಕೊಂಡಿರುತ್ತಾಳೆ. ಕಪ್ಪು ಕೈಯಲ್ಲಿ ಹಿಡಿದು, ಇದು ಅತ್ತೆ ಕೊಟ್ಟ ಭಿಕ್ಷೆ ಅಂದುಕೊಂಡುಬಿಟ್ಟರೆ? ಬೆಳಿಗ್ಗೆ ಅವಳು ನನಗೆ ಮಾಡಲು ಹೊರಟದ್ದನ್ನೇ ನಾನು ಅವಳಿಗೆ ಮಾಡಿದೆ ಅಂತ ನಂಬಿಬಿಟ್ಟರೆ? ಆಣೆ ತೆಗೆಸಬಹುದು, ಅನುಮಾನ ತೆಗೆಸುವುದು ಹೇಗೆ?

ಅವಳು ಕೋರ್ಟಿನ ಆಚೆ ಬದಿಯ ಬೆಂಚಿನ ಮೇಲೆ ಒಬ್ಬಳೇ ಕೂತಿದ್ದಳು. ಕಪ್ಪು ಪಕ್ಕದಲ್ಲಿ ನೆಲದ ಮೇಲಿತ್ತು. ಕುಂಟುತ್ತಾ ಹೋದೆ. ಬಲ ಮೊಣಕಾಲಿನ ಚರ್ಮ ಕಿತ್ತು ರಕ್ತಕ್ಕೆ ಕೆಂಪು ಮಣ್ಣು ಮೆತ್ತಿಕೊಂಡಿತ್ತು.

“ಪಲ್ಲವಿ, ಅವ್ರು ಏನೇನೋ ಅಂತಾವ್ರೆ. ನಾನು...”

“ಕೂತ್ಕೊಳ್ಳಿ ಅತ್ತೆ” ಅಂದಳು. ತನ್ನ ಬಾಟಲಿಯ ನೀರಿನಲ್ಲಿ ಟವೆಲ್ಲಿನ ತುದಿ ಅದ್ದಿ ನನ್ನ ಕಾಲ ಹತ್ತಿರ ಕುಕ್ಕರುಗಾಲಲ್ಲಿ ಕೂತಳು. “ಮೂರನೇ ಸೆಟ್ಟಲ್ಲಿ ನಂಗೆ ಹೆದರಿಕೆ ಆಗ್ಬಿಟ್ಟಿತ್ತು. ನೀವು ಸರ್ವ್ ಹಾಕಿ ಓಡಿ ಬರೋ ಸದ್ದು ಕೇಳಿದ್ರೆ ಕೈ ಮರಗಟ್ಟಿ ಹೋಗ್ತಿತ್ತು. ಯೂನಿವರ್ಸಿಟೀಲೂ ನನ್ನ ಹಂಗೆ ಯಾರೂ ಹೆದರಿಸಿರ್ಲಿಲ್ಲ.”

“ಅದಲ್ಲ ನಾನು ಹೇಳೋದು. ಜನ ಅಂತಾರಲ್ಲ, ಬಿಟ್ಕೊಟ್ಟೆ ಅಂತ...”

ಅವಳು ತಲೆ ಎತ್ತಿ ನೋಡಿದಳು.

“ಕೊನೇ ಬಾಲ್ ನಾನು ಅಡ್ಡಕ್ಕೇ ಹೊಡೀಬೇಕು ಅಂತಿದ್ದೆ. ನೀವು ಆ ಕಡೆ ಹಾರಿದ್ರಿ, ಅದಕ್ಕೆ ಲೈನಿಗೆ ತಿರುಗಿಸ್ದೆ. ತಿರುಗಿಸಿದ್ರೆ ಅಲ್ಲಿಗೂ ಹಾರ್ಕೊಂಡು ಬಂದ್ರಿ. ಬಿಟ್ಕೊಡೋರು ಎರಡು ಸಲ ಹಾರಲ್ಲ ಅತ್ತೆ.”

ಅಳು ಬಂದೇಬಿಟ್ಟಿತು. ಆಚೆಯಿಂದ ಚಿನ್ನಮ್ಮ, “ನೋಡಿ ನೋಡಿ, ಆನಂದಕ್ಕೆ ಅಳ್ತಾವ್ರೆ” ಅಂತ ಎಲ್ಲರಿಗೂ ತೋರಿಸುತ್ತಿದ್ದರು. ಆನಂದವೂ ಅಲ್ಲ, ಮಣ್ಣೂ ಅಲ್ಲ, ಸೋತ ಅಳು ಅದು. ಪಲ್ಲವಿಗೆ ಗೊತ್ತಿತ್ತು, ಸಮಾಧಾನದ ಮಾತು ಒಂದೂ ಆಡದೆ ಅವಳು ನನ್ನ ಮೊಣಕಾಲಿನ ಮಣ್ಣು ಒರೆಸುತ್ತಾ ಕೂತಳು.